ಬೂಟು ಬಿಚ್ಚದ ಗುರುನಾಥರಾಯರು

ಗುರುನಾಥರಾಯರು ಮೊದಲು ನೋಡುತ್ತಿದ್ದದ್ದು ಎದುರಿಗೆ ಬಂದವರ ಕಾಲನ್ನು. ಬೂಟಿನ ಲಾಡಿ ಸಡಿಲಾಗಿದ್ದರೆ ನಮಸ್ಕಾರಕ್ಕೂ ಉತ್ತರವಿಲ್ಲ. ಮಿಲಿಟರಿಯಿಂದ ನಿವೃತ್ತರಾಗಿ ವಿಜಾಪುರದ ಜೋರಾಪುರ ಪೇಟೆಗೆ ಬಂದವರು, ಅರವತ್ತರ ದಶಕದ ಮೊದಲಲ್ಲಿ ಅಂಥ ಬಯಲೂರಿನಲ್ಲಿ ಪರ್ವತಾರೋಹಣ ಸಂಘ ಕಟ್ಟಿದರು. "ರಾಯರ, ಪರ್ವತ ಎಲ್ಲಿಂದ ತರಸ್ತೀರಿ, ಗೂಡ್ಸ್ ಗಾಡಿಯೊಳಗೇನ್ರಿ?" ಎಂದು ನಾಲ್ಕು ಜನರೆದುರು ನಾನೇ ಕೇಳಿದೆ. ಅಂದಿನಿಂದ ಅವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅಷ್ಟೇ.

ಆದರೂ ಸಂಘ ಸೇರಿದೆ. ಸ್ಟೇಷನ್ ರಸ್ತೆಯ ಬದಿಗೆ ಗೋಣಿತಟ್ಟು ಹಾಸಿ ಹಗ್ಗ ಮಾರುತ್ತ ಸ್ವಂತ ಅಂಗಡಿ ಹಿಡಿದವನು ನಾನು. ಗೋಳಗುಮ್ಮಟಕ್ಕಿಂತ ಎತ್ತರದ್ದೇನನ್ನೂ ಹತ್ತಿರಲಿಲ್ಲ. ಸಂಘದಿಂದ ಒಬ್ಬನನ್ನು ಹಿಮಾಲಯಕ್ಕೆ ತರಬೇತಿಗೆ ಕಳಿಸುತ್ತಾರೆಂದು ಸುದ್ದಿಯಾಗಿತ್ತು. ಆ ಜಾಗ ನನಗೆ ಬೇಕಾಗಿತ್ತು. ಪೈಪೋಟಿಗೆ ಇದ್ದವನು ಒಬ್ಬನೇ, ಗೋಡೆ ಕಟ್ಟುವ ಗೌಂಡಿ, ನನ್ನ ಗೆಳೆಯ ದಸ್ತಗೀರ. ಟಿಕೋಟಾದ ಆಚೆಯ ಕಲ್ಲುಗುಡ್ಡದಲ್ಲಿ ಶನಿವಾರ, ರವಿವಾರ ನಮ್ಮನ್ನು ಹತ್ತಿಸಿ ನೋಡಿ ರಾಯರು ಆರಿಸುವವರಿದ್ದರು.

ಶನಿವಾರ ಪೂರ್ತಿ ಜಿಟಿಜಿಟಿ ಮಳೆ. ಡೇರೆಯೊಳಗೆ ಹಾಸಿಗೆ ಒದ್ದೆ, ಕಟಕರೊಟ್ಟಿ ಮೆತ್ತಗೆ, ಕಟ್ಟಿಗೆಯಿಂದ ಬರೀ ಹೊಗೆ. ರವಿವಾರ ಗುಡ್ಡದ ಬುಡಕ್ಕೆ ಹೋಗಲು ಕಪ್ಪು ಜಿಗಟುಮಣ್ಣಿನ ಒಂದು ಎರೆಹೊಲ ದಾಟಬೇಕಿತ್ತು. ನೆನೆದ ಎರೆಯಲ್ಲಿ ನಮ್ಮ ಕಡೆಯವರು ಮೆಟ್ಟು ಕೈಯಲ್ಲಿ ಹಿಡಿದು ನಡೆಯುತ್ತಾರೆ. ಇಲ್ಲದಿದ್ದರೆ ಹೆಜ್ಜೆಗೊಂದು ಪದರ ಮಣ್ಣು ಹತ್ತಿ ಕಾಲು ಬೀಸುಕಲ್ಲಾಗುತ್ತದೆ. ನಾನೂ ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡೆ.

"ಹಾಕ್ಕೋ," ಎಂದರು ರಾಯರು.

"ಗುಡ್ಡದ ಬುಡಕ್ಕ ಹಾಕ್ಕೋತೇನ್ರಿ. ಈಗ ಹಾಕ್ಕೊಂಡ್ರ ಬೂಟಿನ ಅಟ್ಟಿಗೆ ಎರಿ ಹತ್ತಿ ಕಲ್ಲಿನ ಮ್ಯಾಲ ಜಾರತೈತಿ."

"ಹಿಮಾಲಯದ ಬರ್ಫಿನ್ಯಾಗೂ ಬೂಟ ಬಿಚ್ಚಿ ನಡಿಯಾಂವೇನು?"

"ಇದು ಬರ್ಫ ಅಲ್ರಿ, ಟಿಕೋಟಾದ ಎರಿ."

"ಲೇ, ಚೌಕಾಶಿ ಮಾಡಾಕ ಇದು ನಿನ್ನ ಅಂಗಡಿ ಅಲ್ಲ. ಹುಕುಂ ಅಂದ್ರ ಹುಕುಂ. ನೀ ಹತ್ತೂದು ಬ್ಯಾಡ."

"ಹಾಕ್ಕೊಂಡ ಬಿಡಲೇ ದೋಸ್ತ, ಮುದುಕನ ಜೋಡಿ ಏನ್ ಜಿದ್ದು!" ಎಂದು ದಸ್ತಗೀರ ಪಿಸುಗುಟ್ಟಿದ. ನಾನು ಹಾಕಿಕೊಳ್ಳಲಿಲ್ಲ.

ದಸ್ತಗೀರ ಹುಕುಮಿನಂತೆ ಬೂಟಿನಲ್ಲೇ ಹೊಲ ದಾಟಿದ. ಕಲ್ಲಿಗೆ ಎಷ್ಟು ತಿಕ್ಕಿದರೂ ಅಟ್ಟೆಯ ಸಂದಿಯ ಮಣ್ಣು ಹೋಗಲಿಲ್ಲ. ರಾಯರು ಗುಡ್ಡದ ಹಿಂಬದಿಯ ದಾರಿಯಿಂದ ಮೇಲೆ ಹೋಗಿ, ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಕುಳಿತರು. ಅರ್ಧ ಬಂಡೆ ಏರಿದವನ ಕಾಲು ಜಾರಿತು. ಪಾದ ಬಂಡೆಗೆ ಬಡಿಯಿತು, ಹುಡುಗ ಹಗ್ಗದಲ್ಲಿ ತೂಗಾಡಿದ. ರಾಯರು ಹಗ್ಗ ಬಿಡಲಿಲ್ಲ. ಅವನನ್ನು ಕೆಳಗಿಳಿಸುವ ಹೊತ್ತಿಗೆ ಅವರ ಅಂಗೈ ತೊಗಲು ಸುಲಿದಿತ್ತು.

ಇಳಿದು ಬಂದವರು ನನಗೆ ಅವನನ್ನು ಮುಟ್ಟಗೊಡಲಿಲ್ಲ. ದಸ್ತಗೀರನನ್ನು ಬೆನ್ನ ಮೇಲೆ ಹಾಕಿಕೊಂಡು ಅದೇ ಎರೆಯಲ್ಲಿ, ತಮ್ಮ ಬೂಟು ಬಿಚ್ಚದೆಯೇ ಹೊರಟರು. ಮೇಲಿಂದ ಮೇಲೆ ಮೊಣಕಾಲೂರಿದರು.

"ಈಗರ ಬೂಟ ಬಿಚ್ಚರಿ, ಅಂವಾ ನರಳಾಕತ್ತಾನ!" ಎಂದೆ.

"ಬಾಯಿ ಮುಚ್ಕೊಂಡ ದಾರಿ ಬಿಡು."

ದಸ್ತಗೀರನ ಪಾದದ ಕೀಲು ಮುರಿದಿತ್ತು. ತರಬೇತಿಯ ಹೊತ್ತಿಗೆ ಕೂಡುವಂಥದ್ದಲ್ಲ. ನಾನು ಜೋರಾಪುರ ಪೇಟೆಯ ರಾಯರ ಮನೆಗೆ ಹೋಗಿ, ಜಾಗ ಸುಮ್ಮನೆ ಹಾಳಾಗುತ್ತದೆ, ನನ್ನನ್ನಾದರೂ ಕಳಿಸಿ ಎಂದೆ. ಎರಡೂ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ರಾಯರು ಹೊಸ್ತಿಲಲ್ಲೇ ನಿಂತು, "ಹಾಳಾಗ್ಲಿ," ಎಂದು ಮೊಣಕೈಯಿಂದ ಬಾಗಿಲು ನೂಕಿದರು. ಆ ವರ್ಷ ಯಾರೂ ಹೋಗಲಿಲ್ಲ. ಸಂಘವೂ ಹೆಚ್ಚು ದಿನ ಉಳಿಯಲಿಲ್ಲ. ಜಗ್ಗದ ಮನುಷ್ಯನಿಂದ ನಿಮಗೆ ಕೆಲಸ ಆಗಬೇಕಿದ್ದರೆ ನಾಲ್ಕು ಜನರ ಮುಂದೆ ವಾದ ಗೆಲ್ಲಬೇಡಿ, ಬದಿಗೆ ಕರೆದು ಹೇಳಿ. ರಾಯರಂಥವರಿಗೆ ಅದೂ ನಾಟುತ್ತಿತ್ತೋ ಇಲ್ಲವೋ ನಾನರಿಯೆ.

ಅವರನ್ನು ಕೊನೆಗೆ ಕಂಡದ್ದು ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ. ಅದೇ ಊರಲ್ಲಿ ತಂಗಿಯ ಮನೆ ಸೇರಿದ್ದರು, ಬಹಳ ಸೊರಗಿದ್ದರು. ನಾನೇ ಹತ್ತಿರ ಹೋದೆ.

"ರಾಯರ, ಖರೇ ಹೇಳ್ರಿ. ಅವತ್ತು ಎರಿಯೊಳಗ ಬೂಟಿನ ಬಗ್ಗೆ ನಾ ಹೇಳಿದ್ದು ಬರೋಬ್ಬರಿ ಇತ್ತೋ ಇಲ್ಲೋ?"

"ಬರೋಬ್ಬರಿ ಇತ್ತು."

ಇಷ್ಟು ಸಲೀಸಾಗಿ ಒಪ್ಪುತ್ತಾರೆಂದು ನಾನೆಣಿಸಿರಲಿಲ್ಲ. "ಮತ್ತ ನನ್ನ ಯಾಕ ಕಳಸಲಿಲ್ರಿ?"

"ನೀ ಬಿದ್ದಿದ್ರ ನಿನ್ನೂ ಹಂಗ ಹೊತ್ಕೊಂಡ ಬರತಿದ್ದೆ. ಕಳಸೂದು ಮಾತ್ರ ಇವತ್ತಿಗೂ ಇಲ್ಲ."

ವಿಜಾಪುರದ ಬಸ್ಸು ಬಂತು. ಕೋಲೂರುತ್ತ ಅವರು ಹತ್ತಿದರು. ನಾನು ಹೋಗಬೇಕಿದ್ದದ್ದೂ ಅದೇ ಬಸ್ಸಿಗೆ. ಅವರ ಹಿಂದೆ ಹತ್ತಲಿಲ್ಲ, ಮುಂದಿನದಕ್ಕೆ ಕಾದೆ.