ಚಹಾ ಬಣ್ಣದ ತತ್ತಿ

ಇವತ್ತು ಮುಂಜಾನೆ ಫೋನಿನ ಮಾತಿನ ಭರದಲ್ಲಿ ಚಹಾ ಉಕ್ಕಿಸಿಬಿಟ್ಟೆ. ಸುಟ್ಟ ಚಹಾಪುಡಿಯ ವಾಸನೆಗೆ ನಿಮಗೇನು ನೆನಪಾಗುತ್ತದೋ ತಿಳಿಯದು. ನನಗೆ ಮಾತ್ರ ಎಂಟು ತತ್ತಿಗಳು ನೆನಪಾಗುತ್ತವೆ. ಅದರಲ್ಲೂ ಇವತ್ತು ಬುಧವಾರ, ಶಾಂತವ್ವ ತತ್ತಿಗೆ ಬರುವ ದಿನ.

ಮುದ್ದೇಬಿಹಾಳದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಹಿತ್ತಲಲ್ಲಿ ಅತ್ತೆಯ ಹನ್ನೊಂದು ಜವಾರಿ ಕೋಳಿಗಳಿದ್ದವು. ಅವರು ತವರೂರು ಇಂಡಿಯಿಂದ ತಾಯಿಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ ತಳಿ. ಅಪ್ಪಟ ಜವಾರಿಯೇ, ಆದರೆ ಇಡುತ್ತಿದ್ದ ತತ್ತಿ ಮಾತ್ರ ಬಿಳಿ. ಹತ್ತಿರ ಹಿಡಿದರೆ ತುಸು ಕೆನೆಬಣ್ಣ. ಜನಕ್ಕೋ, ಜವಾರಿ ಎಂದರೆ ಕಂದು ಬಣ್ಣವೇ ಇರಬೇಕು. “ಇವು ಫಾರಂ ತತ್ತಿ ಇದ್ದಂಗ ಅದಾವಲ್ರಿ” ಎಂದು ಮೂಗು ಮುರಿದು ಹೋಗುತ್ತಿದ್ದರು. ಅತ್ತೆ ಸುಮ್ಮನಿರುತ್ತಿದ್ದರು. ಎರಡು ವರ್ಷ ಕಾಲೇಜು ಮೆಟ್ಟಿಲು ಹತ್ತಿದ ಬುದ್ಧಿವಂತೆ ನಾನು ಸುಮ್ಮನಿರಬೇಕಲ್ಲ! ಅವರು ಒಂದು ದಿನ ಹೊರಗೆ ಹೋದಾಗ ಚಹಾಪುಡಿ ಕುದಿಸಿ, ಎಂಟು ತತ್ತಿ ಅದ್ದಿ ತೆಗೆದೆ. ಖರೇ ಮಾಲನ್ನು ಖರೇ ಎಂದು ತೋರಿಸಲು ಸುಳ್ಳು ಬಳಿದ ಮಹಾತಾಯಿ ನಾನೊಬ್ಬಳೇ ಇರಬೇಕು.

ಓಣಿಯ ಕೊನೆಮನೆಯ ಶಾಂತವ್ವ ಮಗಳ ಬಾಣಂತನಕ್ಕೆಂದು ಎಂಟನ್ನೂ ಒಯ್ದಳು. ಕುದಿಸುವ ಮುಂಚೆ ತೊಳೆದಿದ್ದಾಳೆ. ಅರ್ಧ ತಾಸಿಗೆ ತಿರುಗಿ ಬಂದಳು, ಕೈಯಲ್ಲಿ ಬೋಗುಣಿ, ಬೋಗುಣಿಯಲ್ಲಿ ಕೆಂಪು ನೀರು. ಅಷ್ಟೊತ್ತಿಗೆ ಅತ್ತೆ ಗೌರವ್ವನೂ ಮನೆ ಮುಟ್ಟಿದ್ದರು.

“ಗೌರವ್ವಾ, ಬಾಣಂತಿ ತಿನ್ನೋದಕ್ಕ ಬಣ್ಣ ಹಚ್ಚತೀಯೇನ? ಫಾರಂ ತತ್ತಿ ತಂದು ಜವಾರಿ ಅಂತ ಕೊಡ್ತಿ?”

ಅತ್ತೆ ನೀರು ನೋಡಿದರು. “ಬಾ, ನನ್ನ ಕೋಳಿ ಇಡೋದು ನಿನ್ನ ಕಣ್ಣಿಲೆ ನೋಡು” ಎಂದು ಹಿತ್ತಲಿಗೆ ಕರೆದೊಯ್ದರು.

ಬುಟ್ಟಿಯಲ್ಲಿ ಕರಿಕೋಳಿ ಕೂತಿತ್ತು. ಮೂವರೂ ನಿಂತೆವು. ಕೋಳಿ ತತ್ತಿ ಇಡಲೆಂದು ನೀವು ಎಂದಾದರೂ ಹರಕೆ ಹೊತ್ತಿದ್ದೀರಾ? ನಾನು ಹೊತ್ತೆ. ಅದು ಏಳುವುದು, ಹುಲ್ಲು ಕೆದರುವುದು, ಮತ್ತೆ ಕೂರುವುದು. ಶಾಂತವ್ವನ ಕಣ್ಣು ಬುಟ್ಟಿಯ ಮೇಲೆ, ನನ್ನ ಕಣ್ಣು ನೆಲದ ಮೇಲೆ. ಕಡೆಗೊಮ್ಮೆ ಓಣಿಗೆಲ್ಲ ಸಾರಿ ಹೇಳುತ್ತ ಇಳಿಯಿತು. ತತ್ತಿ ಬೆಚ್ಚಗಿತ್ತು, ಬಿಳಿಯಾಗಿತ್ತು.

“ತತ್ತಿ ಖರೇ ಐತಿ ಅಂದ್ರ ಬಣ್ಣ ಯಾಕ ಹಚ್ಚಿದಿ?”

ನಾನು ಬಾಯಿ ಬಿಡಬೇಕಿತ್ತು. ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡೆ.

“ತಪ್ಪಾತು ಶಾಂತವ್ವ. ನಾನ ಹಚ್ಚೀನಿ” ಎಂದರು ಅತ್ತೆ.

ಅಂದಿನಿಂದ ಶಾಂತವ್ವ ಪ್ರತಿ ಬುಧವಾರ ಬಂದಳು. ಒಂದೊಂದು ತತ್ತಿಯನ್ನೂ ನಮ್ಮ ಹೊಸ್ತಿಲಲ್ಲೇ ನೀರಿನಲ್ಲಿ ತಿಕ್ಕಿ ನೋಡಿ ಒಯ್ಯುವಳು. ನೀರು ತಂದಿಡುತ್ತಿದ್ದವರು ಅತ್ತೆಯೇ. ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟು ಹಗುರಾಗುತ್ತಿತ್ತೋ. ಹೋದ ವರ್ಷ ಅವರು ತೀರಿಕೊಂಡ ಮೇಲೆ ನೀರು ತಂದಿಡುವ ಪಾಳಿ ನನಗೆ ಬಂತು.

ಇವತ್ತೂ ಬಂದಳು, ಈಗ ಹಲ್ಲಿಲ್ಲದ ಮುದುಕಿ. ತತ್ತಿ ಹಿಡಿದು ನೀರಿಗೆ ಬಾಗಿದಳು. ಮನೆ ತುಂಬ ಆ ವಾಸನೆ. ನನಗೆ ತಡೆಯಲಾಗಲಿಲ್ಲ.

“ಶಾಂತಕ್ಕಾ, ಅವತ್ತ ಬಣ್ಣ ಹಚ್ಚಿದಾಕಿ ನಾನರಿ. ಅತ್ತಿ ಅಲ್ರಿ.”

“ಗೊತ್ತೈತಿ. ನಿನ್ನ ಬೆರಳ ಕೆಂಪಗಾಗಿದ್ದು ಇಬ್ರೂ ನೋಡಿದ್ವಿ.”

“ಮತ್ತ ವಾರಾ ವಾರಾ ಯಾಕ ತಿಕ್ಕಿ ನೋಡತಿದ್ರಿ?”

“ಈ ವಾರನಾದ್ರೂ ನೀನ ಖರೇ ಹೇಳ್ತೀಯೇನೋ ಅಂತ. ನಿಮ್ಮತ್ತಿನೂ ಅದಕ್ಕ ನೀರ ತಂದಿಡತಿದ್ಲು.”

ತತ್ತಿಗಳನ್ನು ನೀರಿಗೆ ಮುಟ್ಟಿಸದೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅತ್ತೆ ತೀರಿಕೊಂಡ ದಿನವೂ ನಾನು ಇಷ್ಟು ಅತ್ತಿರಲಿಲ್ಲ.