ಗೌಡರು ಹಿಂದಿನಿಂದ ಹತ್ತಿದ ಮೈನಾ

ಗುಂಜಹಳ್ಳಿಯ ಯಮನಮ್ಮನ ಮಗ ಸುಂಕಪ್ಪ ಆ ಕಾರನ್ನು ಮೊದಲ ಸಲ ನೋಡಿದಾಗ ಅದು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಗೋಪಾಲಕೃಷ್ಣ ರಾಯರ ಅಂಗಡಿಯ ಮುಂದಿನ ಬೇವಿನ ನೆರಳಲ್ಲಿ ನಿಂತಿತ್ತು. ಹಣ್ಣಾದ ಪೇರಲದ ಬಣ್ಣ, ಗಿಡ್ಡ ಮೂಗು, ಇಳಿಜಾರು ಬೆನ್ನು. ಹಿಂದಕ್ಕೆ ಚಾಚಿಕೊಂಡ ಡಿಕ್ಕಿ ಇರಲಿಲ್ಲ. ಅದರ ಜಾಗದಲ್ಲಿ ಗಾಜಿನ ಸಮೇತ ಮೇಲಕ್ಕೆತ್ತುವ ಒಂದು ಅಗಲ ಬಾಗಿಲು. ಹೆಸರು ಮೈನಾ. 1985ರ ಯುಗಾದಿ ಆಗಷ್ಟೇ ಮುಗಿದಿತ್ತು. ಬಿಸಿಲಿಗೆ ಊರೆಲ್ಲ ಬಣ್ಣ ಕಳೆದುಕೊಂಡಿರುವಾಗ ಅದೊಂದೇ ಈಗ ತಾನೇ ತಲೆಗೆ ನೀರು ಹಾಕಿಕೊಂಡು ಬಂದಂತೆ ಹೊಳೆಯುತ್ತಿತ್ತು.

ಸುಂಕಪ್ಪ ಸತ್ತಾರ್ ಸಾಬರ ಲಾರಿಯಲ್ಲಿ ಮೂರು ವರ್ಷ ಕ್ಲೀನರ್ ಆಗಿದ್ದು, ಆಮೇಲೆ ಮೂರು ವರ್ಷ ಡ್ರೈವರ್ ಆಗಿದ್ದವನು. ಅವನ ಕೇರಿಯಲ್ಲಿ ಲೈಸೆನ್ಸು ಪಡೆದ ಮೊದಲಿಗ. ಹತ್ತಿ ಅಂಡಿಗೆ ಹೇರಿಕೊಂಡು ಹೊರಟರೆ ತಿಂಗಳಲ್ಲಿ ಇಪ್ಪತ್ತು ದಿನ ಅವನಿಗೆ ಲಾರಿಯೇ ಮನೆ. ಕೂಲಿಗೆ ಹೋಗಿ ಬಂದ ಯಮನಮ್ಮ ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಮಗ ಬಾರದಿದ್ದರೆ ಮರುದಿನ ಅವನ್ನೇ ಹೊಲಕ್ಕೆ ಕಟ್ಟಿಕೊಂಡು ಹೋಗುತ್ತಿದ್ದಳು.

ರಾಯರು ಅಲ್ಲಿಯವರೆಗೆ ಸ್ಕೂಟರು, ಟ್ರ್ಯಾಕ್ಟರಿನ ಬಿಡಿಭಾಗ ಮಾರಿಕೊಂಡಿದ್ದವರು. ಈಗ ಮೈನಾದ ಏಜೆನ್ಸಿ ಹಿಡಿದಿದ್ದರು. ಕಾರನ್ನು ತಾಲ್ಲೂಕು ತಾಲ್ಲೂಕಿಗೆ ಒಯ್ದು, ದುಡ್ಡಿದ್ದವರನ್ನು ಕೂರಿಸಿ ತಿರುಗಿಸಿ ತೋರಿಸಲು ಒಬ್ಬ ಬೇಕಿತ್ತು. ಆಯುಧಪೂಜೆಯೊಳಗೆ ಮೂರು ಗಾಡಿ ಹೋದರೆ ಕೆಲಸ ಪಕ್ಕಾ, ಇಲ್ಲದಿದ್ದರೆ ಸತ್ತಾರ್ ಸಾಬರ ಲಾರಿ ಎಲ್ಲಿಗೂ ಓಡಿಹೋಗಿಲ್ಲ ಎಂದು ರಾಯರು ಸುಂಕಪ್ಪನಿಗೆ ಹೇಳಿದರು. ಯಮನಮ್ಮ ಈ ಮಾತಿನ ಅರ್ಧವನ್ನು ಮಾತ್ರ ಕೇಳಿಸಿಕೊಂಡು, ತನ್ನ ಮಗ ಇನ್ನು ದಿನಾ ಊಟಕ್ಕೆ ಮನೆಗೇ ಬರುತ್ತಾನೆಂದು ಗುಂಜಹಳ್ಳಿಗೆಲ್ಲ ಸಾರಿದಳು.

ಮೊದಲ ಕಾರು ಹೋದದ್ದು ದೇವದುರ್ಗಕ್ಕೆ. ಅಲ್ಲಿ ಸ್ವಂತ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರ್ ಅಹಲ್ಯಾಬಾಯಿಯವರು ಹೊರಗೆ ಬಂದು, ಕಾರನ್ನು ಒಮ್ಮೆ ನೋಡಿ, ನೇರ ಹೋಗಿ ಸ್ಟಿಯರಿಂಗಿನ ಮುಂದೆ ಕುಳಿತರು. ತಮಗೆ ಕಲಿಸುವುದಕ್ಕೆ ಎಷ್ಟು ದಿನ ಬೇಕೆಂದು ಕೇಳಿದರು. ಸುಂಕಪ್ಪ ಹದಿನೈದು ಎಂದ. ಅವರು ಹನ್ನೊಂದರಲ್ಲಿ ಕಲಿತರು. ಹಿಂದಿನ ಸೀಟಿನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿ ಔಷಧದ ಪೆಟ್ಟಿಗೆ ಕೂತಿತು. ಎರಡನೆಯದನ್ನು ಶಕ್ತಿನಗರದ ಒಬ್ಬ ಎಂಜಿನಿಯರು ಕೊಂಡರು. ಅವರು ತಾವೇ ಓಡಿಸುವವರು. ಹೆಂಡತಿ ಪಕ್ಕದಲ್ಲಿ ಕೂರುವವರು.

ಇನ್ನು ಒಂದೇ ಒಂದು, ಕೈಯಲ್ಲಿ ನಾಲ್ಕು ತಿಂಗಳು. ಸುಂಕಪ್ಪ ಸಿಳ್ಳೆ ಹಾಕುತ್ತ ಮಾನ್ವಿ ಕಡೆ ಹೊರಟ.

ಕಾಲುವೆ ನೀರು ಬಂದ ಮೇಲೆ ಆ ಕಡೆ ಭತ್ತ ಬೆಳೆದು ಕಾರು ಕೊಳ್ಳುವಷ್ಟು ಗಟ್ಟಿಯಾದ ಮನೆಗಳು ಹಲವು ಇದ್ದವು. ಮೈನಾ ಬಂತೆಂದರೆ ಎಲ್ಲರೂ ಹೊರಗೆ ಬರುತ್ತಿದ್ದರು. ಬಣ್ಣ ಮೆಚ್ಚಿ, ಎಳೆಗರುವಿನ ಬೆನ್ನು ಸವರಿದ ಹಾಗೆ ಅದರ ಬೆನ್ನು ಸವರುತ್ತಿದ್ದರು. ಆಮೇಲೆ ಸುತ್ತು ಹಾಕಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಹಿಂದೆ ಕೂರುವವರ ಬಾಗಿಲು ಎಲ್ಲಿ?

ಬಾಗಿಲು ಇರಲಿಲ್ಲ. ಮೈನಾಕ್ಕೆ ಆ ಮಗ್ಗುಲಿಗೊಂದು, ಈ ಮಗ್ಗುಲಿಗೊಂದು, ಎರಡೇ ಬಾಗಿಲು. ಆ ಸೀಮೆಯಲ್ಲೋ ಕಾರಿನ ಧಣಿ ಎಂದರೆ ಹಿಂದಿನ ಸೀಟಿನ ಎಡಮೂಲೆಗೆ ಒರಗಿ ಕೂರುವವನು. ಮೈನಾದಲ್ಲಿ ಆ ಮೂಲೆ ಸೇರಬೇಕಾದರೆ ಡ್ರೈವರ್ ಇಳಿದು ಬಂದು ಮುಂದಿನ ಎಡಸೀಟನ್ನು ಮಡಚಿ ಹಿಡಿಯಬೇಕು. ಧಣಿ ರುಮಾಲು ಸುತ್ತಿದ ತಲೆ ಬಗ್ಗಿಸಿ, ಪೃಷ್ಠವನ್ನು ಊರಿಗೆ ತೋರಿಸುತ್ತ ಒಳಗೆ ತೂರಬೇಕು. ಅಷ್ಟು ಹೊತ್ತು ಡ್ರೈವರ್ ನೆಟ್ಟಗೆ ನಿಂತಿರುತ್ತಾನೆ. ಹಾಗೆ ಅರ್ಧ ಒಳಗೆ, ಅರ್ಧ ಹೊರಗೆ ಇರುವಾಗಲೇ ಅವರಿಗೆ ಅವನ ಊರು, ಕೇರಿ ಕೇಳಬೇಕೆಂದು ನೆನಪಾಗುತ್ತಿತ್ತು. ಸುಂಕಪ್ಪ ಹೇಳುತ್ತಿದ್ದ. ಒಳಗೆ ಹೋದುದಕ್ಕಿಂತ ಬೇಗ ಅವರು ಹೊರಗೆ ಬರುತ್ತಿದ್ದರು. ಬಂದವರೇ ಪೆಟ್ರೋಲಿನ ರೇಟಿನ ಮಾತು ತೆಗೆಯುತ್ತಿದ್ದರು.

ಮುಂದೆಯೇ ಕೂರಬಹುದಲ್ಲ ಎಂದು ಅವನು ಒಬ್ಬ ಸಾಹುಕಾರರಿಗೆ ಸೂಚಿಸಿದ್ದುಂಟು.

“ನಿನ್ನ ಮಗ್ಗಲಿಗೆ ಕುಂತ್ರ ನೋಡಿದವ್ರು ನನಗ ಕ್ಲೀನರ್ ಅಂತಾರ,” ಎಂದಿದ್ದರು ಅವರು.

ಹೀಗೆ ಶ್ರಾವಣ ಕಳೆಯಿತು. ದಸರೆಗೆ ಮೂರು ವಾರ ಇರುವಾಗ ಕಲ್ಲೂರಿನ ಅಮರೇಗೌಡರಿಂದ ಕಾರು ತಂದು ತೋರಿಸಬೇಕೆಂದು ಹೇಳಿಕೆ ಬಂತು. ಗೌಡರ ಮನೆಯಲ್ಲಿ ಹಳೆಯ ಅಂಬಾಸಿಡರ್ ಇತ್ತು, ಅದನ್ನು ಓಡಿಸಲು ಮೀರಾಹುಸೇನ ಇದ್ದ. ಆದರೂ ಹೊಸದೊಂದರ ಆಸೆ. ಗೌಡರು ಕೊಂಡದ್ದನ್ನು ನೋಡಿ ಮಾನ್ವಿ ತಾಲ್ಲೂಕು ಕೊಳ್ಳುತ್ತದೆಂಬ ಮಾತಿತ್ತು. ರಾಯರು ತಾವೇ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿದರು.

ಗೌಡರ ರುಮಾಲು ಎಷ್ಟು ದೊಡ್ಡದೆಂದರೆ ಮೊದಲು ಅದು ಬರುತ್ತಿತ್ತು, ಆಮೇಲೆ ಗೌಡರು. ಅವರು ಮೈನಾದ ಸುತ್ತ ಮೂರು ಸುತ್ತು ಬಂದರು. ಎರಡೂ ಬಾಗಿಲು ತೆಗೆಸಿ ನೋಡಿ ಮುಖ ಸಣ್ಣದು ಮಾಡಿದರು. ಎರಡು ಚೀಲ ಭತ್ತ ಹಿಡಿಯುತ್ತದೆಂದು ತೋರಿಸಲು ಸುಂಕಪ್ಪ ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿದ. ಗೌಡರ ಮುಖವೂ ಅದರ ಜೊತೆಗೇ ಮೇಲೆದ್ದಿತು.

ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಸವಾರಿ ಬಂಡಿ ಇತ್ತು. ಸವಾರಿ ಬಂಡಿಯನ್ನು ಹಿಂದಿನಿಂದಲೇ ಹತ್ತುವುದು. ಬಂಡಿ ಹೊಡೆಯುವವನು ಮುಂದೆ, ಎತ್ತಿನ ಬಾಲದ ಬಳಿ. ದೊಡ್ಡವರು ಹಿಂದೆ, ಜಮಖಾನೆಯ ಮೇಲೆ, ಲೋಡಿಗೆ ಒರಗಿ. ಈ ಕಾರಿನಲ್ಲಿ ಮರ್ಯಾದೆಯ ಬಾಗಿಲು ಯಾವುದೆಂದು ಇಷ್ಟು ಹೊತ್ತು ಹುಡುಕುತ್ತಿದ್ದವರಿಗೆ ಅದು ಸಿಕ್ಕಿತು.

“ಹಿಂಗ ಅಂತ ಹೇಳಬಾರದೇನಲೇ ಮೊದಲ,” ಎಂದು ಆಳು ಮುದುಕಪ್ಪನಿಗೆ ಜಮಖಾನೆ, ಲೋಡು ತರಲು ಹೇಳಿದರು.

“ಗೌಡ್ರ, ಅದು...” ಎಂದ ಸುಂಕಪ್ಪ.

“ಬಂಡಿ ಹತ್ತೋದು ನನಗ ಕಲಸ್ತಿಯೇನಲೇ?”

ಅದು ಚೀಲ ಇಡುವ ಜಾಗ ಎಂಬ ಒಂದು ಮಾತು ಅಷ್ಟೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಮೂರನೆಯ ಗಾಡಿಯೂ, ಅವ್ವನ ಎರಡು ರೊಟ್ಟಿಯೂ ಆ ಒಂದು ಮಾತಿನ ಮೇಲೆ ನಿಂತಿವೆ ಎಂದು ಅವನಿಗೆ ಗೊತ್ತಿತ್ತು. ಆದರೆ ಈ ಮೂರು ತಿಂಗಳು ತನ್ನ ಮುಂದೆ ಬಗ್ಗಿ, ತನ್ನ ಕೇರಿಯ ಹೆಸರು ಕೇಳಿ ಹೊರಗೆ ಬಂದವರೆಲ್ಲ ಕಣ್ಣ ಮುಂದೆ ಸಾಲುಗಟ್ಟಿ ನಿಂತರು. ಮುದುಕಪ್ಪ ಜಮಖಾನೆ ಹಾಸಿಯೂ ಆಯಿತು. ಸುಂಕಪ್ಪ ಮಾತನ್ನು ನುಂಗಿಕೊಂಡ.

“ಇಲ್ರಿ ಯಪ್ಪಾ,” ಎಂದ. “ಗಟ್ಟಿ ಹಿಡಕೊಂಡು ಕುಂದರ್ರಿ.”

ಹೀಗೆ ಗೌಡರು ಕಾರಿನ ಹಿಂಬದಿಗೆ ಮುಖ ಮಾಡಿ, ಕಾಲು ಇಳಿಬಿಟ್ಟು, ತೆರೆದ ಬಾಗಿಲನ್ನು ಛತ್ರಿಯಂತೆ ತಲೆಯ ಮೇಲೆ ಹಿಡಿಸಿಕೊಂಡು ಕಲ್ಲೂರಿನ ಸವಾರಿ ಹೊರಟರು. ಊರ ಹೆಬ್ಬಾಗಿಲ ಅಗಸಿಯವರೆಗೆ ಎಲ್ಲವೂ ಚೆಂದ ಇತ್ತು. ಜನ ಕಟ್ಟೆಯಿಂದ ಎದ್ದು ಕೈ ಮುಗಿದರು. ಗೌಡರು ದೂರ ದೂರ ಸರಿಯುತ್ತಲೇ ಗೋಣು ಹಾಕಿದರು. ಅಗಸಿ ದಾಟಿದ ಮೇಲೆ ಮಣ್ಣಿನ ಹಾದಿ. ಬಂಡಿಯ ಧೂಳು ನಿಧಾನದ್ದು, ಹಿಂದೆಯೇ ಉಳಿಯುತ್ತದೆ. ಕಾರಿನದು ಹಾಗಲ್ಲ. ಅದು ಎದ್ದೆದ್ದು ಒಳಗೇ ನುಗ್ಗಿತು. ಗೌಡರ ಬಿಳಿ ಧೋತರ ಕೆಮ್ಮಣ್ಣಾಯಿತು, ಮೀಸೆ ಕಾಣದಾಯಿತು. ಸಾಲೆಯ ಮುಂದೆ ಒಂದು ಎಮ್ಮೆ ಅಡ್ಡ ಬಂತು. ಸುಂಕಪ್ಪ ಬ್ರೇಕು ಒತ್ತಿದ. ಗೌಡರು ಲೋಡಿನ ಸಮೇತ ಒಳಕ್ಕೆ ಉರುಳಿದರು. ಬಾಗಿಲು ದಪ್ಪನೆ ಬಿದ್ದು ಮುಚ್ಚಿಕೊಂಡಿತು.

ಆ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಚೀಲಗಳು ತಾವಾಗಿ ಇಳಿಯುವುದಿಲ್ಲವಲ್ಲ.

ಸುಂಕಪ್ಪ ಇಳಿದು ಹಿಂದೆ ಬರುವಷ್ಟರಲ್ಲಿ ಸಾಲೆಗೆ ಸಾಲೆಯೇ ಹೊರಗೆ ಬಂದಿತ್ತು. ಬುಟ್ಟಿ ಮುಚ್ಚಿದ ಹುಂಜದ ಹಾಗೆ ಗೌಡರು ಮೊಣಕಾಲ ಮೇಲೆ ಕೂತು, ಬಿಚ್ಚಿದ ರುಮಾಲಿನ ನಡುವಿನಿಂದ ಗಾಜಿನ ಹೊರಗೆ ನೋಡುತ್ತಿದ್ದರು. ಯಾರೂ ನಗಲಿಲ್ಲ. ಅಷ್ಟೂ ಜನ ಒಟ್ಟಿಗೆ ನಗದೆ ನಿಂತದ್ದನ್ನು ಸುಂಕಪ್ಪ ಅದೇ ಮೊದಲು ನೋಡಿದ್ದು.

ಬಾಗಿಲು ತೆಗೆದದ್ದೇ ಗೌಡರು ಇಳಿದು ನಡೆದೇ ಮನೆಗೆ ಹೋದರು. ಸುಂಕಪ್ಪ ಊರ ಹೊರಗೆ ಜಾಲಿಗಿಡದ ಕೆಳಗೆ ಕಾರು ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆ ಹಚ್ಚಿ, ಹೊಟ್ಟೆ ಹಿಡಿದು ನಕ್ಕ. ನಗು ಇಳಿದ ಮೇಲೆ ಲಾರಿಯ ನೆನಪಾಯಿತು. ಅವನು ಮಾನ್ವಿ ತಲುಪುವುದರೊಳಗೆ ಸುದ್ದಿ ತಲುಪಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಗೌಡ್ರು ಎಷ್ಟು ಕ್ವಿಂಟಲ್ ತೂಗಿದರೆಂದು ಚಹಾ ಕೊಡುವವನೇ ಕೇಳಿದ. ಆ ತಾಲ್ಲೂಕಿನಲ್ಲಿ ಇನ್ನು ಮೈನಾ ಮಾರುವುದು ಸಾಧ್ಯವಿರಲಿಲ್ಲ.

ಮುಂದಿನ ವಾರ ಕಂಪನಿಯಿಂದ ಒಬ್ಬ ಸಾಹೇಬ ಬಂದ. ಇಷ್ಟು ಸೊಗಸಾದ ಗಾಡಿ ಯಾಕೆ ಹೋಗುತ್ತಿಲ್ಲವೆಂದು ಊರೂರು ಕೇಳುತ್ತ ಬಂದವನು. ಬೆಲೆ, ಪೆಟ್ರೋಲು, ಬಣ್ಣ, ಬಿಡಿಭಾಗ ಎಂದು ಅವನ ಕಾಗದದಲ್ಲಿ ಕಾರಣಗಳು ಅಚ್ಚಾಗಿಯೇ ಇದ್ದವು. ಗುರುತು ಹಾಕುವುದಷ್ಟೇ ಬಾಕಿ. ರಾಯರು ಸುಂಕಪ್ಪನನ್ನು ಕರೆದರು.

“ನಮ್ಮ ಕಡಿ ಕಾರು ಕೊಳ್ಳಾವ್ರು ಓಡ್ಸಂಗಿಲ್ರಿ, ಓಡ್ಸಾವ್ರು ಕೊಳ್ಳಂಗಿಲ್ಲ,” ಎಂದ ಸುಂಕಪ್ಪ. “ನಿಮ್ಮ ಗಾಡಿ ಓಡ್ಸಾವ್ರಿಗೆ ಮಾಡ್ಯಾರ್ರಿ.”

ಸಾಹೇಬ ಸ್ವಲ್ಪ ಹೊತ್ತು ಯೋಚಿಸಿ ‘ಬಣ್ಣ’ ಎಂಬುದರ ಮುಂದೆ ಗುರುತು ಹಾಕಿದ.

ಆಯುಧಪೂಜೆಯ ಮರುದಿನ ಸುಂಕಪ್ಪ ಕೀಲಿಯನ್ನು ರಾಯರ ಮೇಜಿನ ಮೇಲಿಟ್ಟು ಬಂದು, ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಗೌಡರಿಗೆ ಒಂದು ಮಾತು ಯಾಕೆ ಹೇಳಲಿಲ್ಲವೆಂದು ಯಮನಮ್ಮ ಕೇಳಿದಳು.

“ಬಾಯಿಗಿ ಬರಲಿಲ್ಲ ಯವ್ವಾ.”

“ಬಂದಿತ್ತು ಬಿಡು. ನುಂಗಿದಿ,” ಎಂದಳು. ಸೆರಗನ್ನು ಬಾಯಿಗೊತ್ತಿಕೊಂಡು, ಭುಜ ಅಲುಗುವವರೆಗೆ ನಕ್ಕಳು. ಆಮೇಲೆ ಎದ್ದು ಅವನ ಲಾರಿಯ ಕಂಬಳಿಯನ್ನು ಕೊಡವಿ ಮಡಚಿಟ್ಟಳು.

ಸಂಕ್ರಾಂತಿಯ ಹೊತ್ತಿಗೆ ಕಂಪನಿ ಮೈನಾ ಮಾಡುವುದನ್ನೇ ನಿಲ್ಲಿಸಿತು. ರಾಯರ ಅಂಗಡಿಯ ಮುಂದಿನ ಕಾರು ಅಲ್ಲೇ ಉಳಿಯಿತು. ಅದರ ಮೇಲೆ ಬೇವಿನ ಎಲೆ ಉದುರಿದವು, ಹೂ ಉದುರಿತು, ಕಾಯಿಯೂ ಉದುರಿತು. ಅಷ್ಟರಲ್ಲಿ ದೇವದುರ್ಗದಿಂದ ಡಾಕ್ಟರ್ ಬಾಯಿಯವರು ತಮ್ಮ ಮೈನಾ ಓಡಿಸಿಕೊಂಡು ಬಂದರು. ತಮಗೆ ಕಲಿಸಿದವನು ಎಲ್ಲಿ ಎಂದು ಕೇಳಿದರು. ದೇವದುರ್ಗದ ಇಬ್ಬರು ಟೀಚರು, ಒಬ್ಬ ನರ್ಸು ಕಲಿಯಬೇಕೆಂದು ಅವರ ಬೆನ್ನು ಹತ್ತಿದ್ದರು. ಯಾವುದಕ್ಕೂ ತುಕ್ಕು ಹಿಡಿಯಲು ಬಿಡದ ರಾಯರು ಬೇವಿನ ಕೆಳಗಿನ ಕಾರನ್ನು ನೋಡಿದರು. ಒಂದು ತಿಂಗಳೊಳಗೆ ಅದರ ಮೂಗಿನ ಮೇಲೆ ಕೆಂಪು ಅಕ್ಷರದ ಎಲ್ ಬೋರ್ಡು ಕೂತಿತು. ಸತ್ತಾರ್ ಸಾಬರು ಸುಂಕಪ್ಪನನ್ನು ಬೈಯುತ್ತಲೇ ಬಿಟ್ಟುಕೊಟ್ಟರು. ಡ್ರೈವಿಂಗ್ ಕಲಿಸುವ ಕೆಲಸ ಈ ಸಲ ಷರತ್ತಿಲ್ಲದೆ ಪಕ್ಕಾ ಆಯಿತು.

ಹಿಂದಿನ ಬಾಗಿಲು ಯಾರಿಗೂ ಬೇಕಾಗಲಿಲ್ಲ. ಕಲಿಯುವವರು ಮುಂದೆ ಕೂರುವವರು. ಅವರ ಮಗ್ಗುಲಲ್ಲಿ ಸುಂಕಪ್ಪ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಕಲ್ಲೂರಿನಿಂದ ಮತ್ತೆ ಹೇಳಿಕೆ ಬಂತು. ಗೌಡರ ಡ್ರೈವರ್ ಮೀರಾಹುಸೇನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕೆಲಸ ಹಿಡಿದು ಹೋಗಿದ್ದ. ಆ ಸೀಮೆಯ ಡ್ರೈವರುಗಳೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಹೋಗುತ್ತಿದ್ದರು. ಅಂಬಾಸಿಡರ್ ಹುಲ್ಲಿನ ಬಣವೆಯ ಪಕ್ಕ ನಿಂತು ಆರು ತಿಂಗಳಾಗಿತ್ತು. ಗೌಡರ ಮಗನಿಗೆ ದೂರದ್ದು ಸರಿಯಾಗಿ ಕಣ್ಣಿಗೆ ಕಾಣದು. ಬಿ.ಎಸ್ಸಿ. ಓದಿದ ಸೊಸೆ ತಾನು ಕಲಿಯುತ್ತೇನೆಂದು ಹಟ ಹಿಡಿದು, ಗೆದ್ದಿದ್ದಳು. ಗೌಡರದು ಒಂದೇ ಕರಾರು: ಮನೆಯ ಹೆಣ್ಣುಮಗಳು ಹೊರಗಿನ ಗಂಡಸಿನ ಜೊತೆ ಒಬ್ಬಳೇ ಹೋಗುವಂತಿಲ್ಲ, ಹಿರಿಯರೊಬ್ಬರು ಹಿಂದೆ ಕೂತಿರಬೇಕು.

ಆ ಮನೆಯಲ್ಲಿ ಹಿರಿಯರೆಂದರೆ ಗೌಡರೇ.

ಸುಂಕಪ್ಪ ಬೆಳಿಗ್ಗೆ ಏಳಕ್ಕೆ ಗೌಡರ ಮನೆಯ ಮುಂದೆ ಮೈನಾ ನಿಲ್ಲಿಸಿದ. ಸೊಸೆ ಸೆರಗು ಸಿಕ್ಕಿಸಿಕೊಂಡು ಸ್ಟಿಯರಿಂಗಿನ ಮುಂದೆ ಕೂತಳು. ಗೌಡರು ಹೊರಗೆ ಬಂದು ಹಿಂಬದಿಯ ಅಗಲ ಬಾಗಿಲನ್ನು ಒಮ್ಮೆ ನೋಡಿದರು. ಎದುರಿನ ಕಟ್ಟೆಯ ಮೇಲೆ ಮುದುಕಪ್ಪನೂ ಇನ್ನು ನಾಲ್ಕು ಜನರೂ ಬೇರೆ ಕಡೆ ನೋಡುತ್ತ ಕೂತಿದ್ದರು.

ಸುಂಕಪ್ಪ ಎಡಗಡೆಯ ಸೀಟು ಮಡಚಿ ಹಿಡಿದು ನಿಂತ.

“ಬರ್ರಿ ಗೌಡ್ರ,” ಎಂದ.

ಗೌಡರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅವರ ತಲೆ ಅಷ್ಟು ಸಣ್ಣದೆಂದು ಸುಂಕಪ್ಪನಿಗೆ ಗೊತ್ತಿರಲಿಲ್ಲ. ಅವರು ಬಗ್ಗಿ, ಒಂದು ಕೈಯನ್ನು ಅವನ ತೋಳಿಗೆ ಊರಿ, ಒಳಗೆ ತೂರಿದರು. ಊರು, ಕೇರಿ ಏನನ್ನೂ ಕೇಳಲಿಲ್ಲ. ಅವರು ಸರಿಯಾಗಿ ಕೂತು ರುಮಾಲನ್ನು ತೊಡೆಯ ಮೇಲಿಟ್ಟುಕೊಂಡ ಮೇಲೂ ಸುಂಕಪ್ಪ ಇನ್ನೊಂದು ಗಳಿಗೆ ಸೀಟನ್ನು ಹಾಗೇ ಹಿಡಿದುಕೊಂಡು ನಿಂತಿದ್ದ, ಬಿಸಿಲು ಎಷ್ಟು ಏರಿದೆ ಎಂದು ನೋಡುವವನಂತೆ.