ಐನೂರು ಅಡಿಯ ಸೂಗಪ್ಪ

ನಮ್ಮ ಪಕ್ಕದ ಮನೆಯ ಸೂಗಪ್ಪನವರು ವಿಮಾನ ಹಾರಿಸುತ್ತಾರೆ ಎಂದರೆ ಹೊಸಬರು ನಂಬುತ್ತಿರಲಿಲ್ಲ. ರಾಯಚೂರು ಕಡೆಯ ಮನುಷ್ಯ, ಲುಂಗಿ ಉಟ್ಟು ತರಕಾರಿ ಗಾಡಿಯವನ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡುವವರು. ಹೈದರಾಬಾದಿನ ಫ್ಲೈಯಿಂಗ್ ಕ್ಲಬ್ಬೊಂದರಲ್ಲಿ ಎರಡು ಸೀಟಿನ ವಿಮಾನ ಹಾರಿಸಲು ಕಲಿಸುವುದು ಅವರ ನೌಕರಿ. ಬೇರೆ ಕೆಲಸ ಅವರಿಗೆ ಬಾರದು, ಬೇಕಾಗಿಯೂ ಇರಲಿಲ್ಲ.

ಉಪ್ಪಲ್‌ನಿಂದಾಚೆ ನಮ್ಮ ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿದವರು ಅವರೇ. ಆಗ ಸುತ್ತ ಬರೀ ಬಂಡೆ, ಜಾಲಿಗಿಡ. ಆಗಿನಿಂದ ಒಂದು ರೂಢಿ: ಒಬ್ಬರೇ ಹಾರುವ ದಿನ ಸೂಗಪ್ಪನವರು ಮನೆಯ ಮೇಲೆ ಬಂದು, ಕೆಳಗಿಳಿದು, ರೆಕ್ಕೆ ಓಲಾಡಿಸುವುದು, ಹೆಂಡತಿ ಗುಣವತಿ ಮಾಳಿಗೆಯ ಮೇಲೆ ನಿಂತು ಟವೆಲ್ ಬೀಸುವುದು. ನಮಗೆಲ್ಲ ಹೊಟ್ಟೆಕಿಚ್ಚು. ನಮ್ಮ ಗಂಡಂದಿರು ನಮಗಾಗಿ ಸ್ಕೂಟರಿನ ಹಾರನ್ ಕೂಡ ಹೊಡೆದವರಲ್ಲ.

ಆಮೇಲೆ ಐಟಿ ಕಂಪನಿಗಳು ಬಂದವು, ಬಂಡೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಅಲ್ಲಿಗೆ ಬೆಂಗಳೂರಿನ ಚಂದ್ರಹಾಸ ಬಂದ. ಅಮೆರಿಕದ ಹೊತ್ತಿಗೆ ಕೆಲಸ ಮಾಡಿ ಹಗಲು ಮಲಗುವ ಹುಡುಗ. ತಲೆಯ ಮೇಲೆ ವಿಮಾನ ಗುಡುಗಿದ್ದಕ್ಕೆ ಸಂಬಂಧಪಟ್ಟ ಕಚೇರಿಗೆ ದೂರು ಕೊಟ್ಟ. ಅವನನ್ನೂ ಬೈಯುವಂತಿಲ್ಲ, ಪಾಪ.

ಜನದಟ್ಟಣೆಯ ಜಾಗದ ಮೇಲೆ ಸಾವಿರ ಅಡಿಗಿಂತ ಕೆಳಗೆ ಬರಬಾರದು, ಬಯಲಾದರೆ ಐನೂರು ಅಡಿ ಸಾಕು ಎಂದು ಕಾನೂನು. ಎಷ್ಟು ಮನೆಯಾದರೆ ದಟ್ಟಣೆ? ಅದನ್ನು ಬರೆಯುವಷ್ಟು ಪುರುಸೊತ್ತು ಕಾನೂನು ಬರೆದವರಿಗೆ ಇರಲಿಲ್ಲ. ಸೂಗಪ್ಪನವರು ಹಳೆಯ ರೂಢಿಯಂತೆ ಐನೂರಕ್ಕೇ ಇಳಿದಿದ್ದರು. ಲೈಸೆನ್ಸ್ ಹೋದೀತೆಂಬ ಭಯದಲ್ಲಿ ಅವರು ಸೊರಗಿದ್ದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ವಿಚಾರಣೆಯ ಅಧಿಕಾರಿ ಒಳ್ಳೆಯವರು. ನಕ್ಷೆ ಹರಡಿ ತೋರಿಸಿದರಂತೆ. ಅದು ಹಳೆಯದು, ನಮ್ಮ ಬಡಾವಣೆಯೇ ಅದರಲ್ಲಿ ಇಲ್ಲ. ಬಯಲು ಎಂದುಕೊಂಡೆ ಅಂತ ನೀವು ಒಂದು ಮಾತು ಹೇಳಿಬಿಡಿ, ಇಲ್ಲಿಗೇ ಮುಗಿಸೋಣ ಎಂದರಂತೆ. ಸೂಗಪ್ಪನವರು ಹೇಳಲಿಲ್ಲ. ಅಲ್ಲಿ ಜನ ಇರುವುದು ನನಗೆ ಗೊತ್ತಿತ್ತು ಎಂದುಬಿಟ್ಟರು. ಲೈಸೆನ್ಸ್ ಆರು ತಿಂಗಳು ಅಮಾನತಾಯಿತು.

ಗುಣವತಿಗೆ ಸಿಟ್ಟು ನೆತ್ತಿಗೇರಿತು. ನಾನು ಕೂತಿದ್ದೇನೆ ಎಂಬುದನ್ನೂ ನೋಡದೆ ಗಂಡನನ್ನು ಕೇಳಿದಳು.

"ನಕ್ಷಾದಾಗ ಬಯಲ ಐತಿ ಅಂತ ಅವ್ರೇ ಅಂದ್ರ, ಹೂಂ ಅನ್ನಾಕ ಏನಾಗಿತ್ರಿ ನಿಮಗ?"

"ನಾ ಕೆಳಗ ಇಳಿದದ್ದು ನಿನ್ನ ನೋಡಾಕ," ಎಂದರು ಸೂಗಪ್ಪ. "ಅಲ್ಲಿ ಯಾರೂ ಇಲ್ಲ ಅಂತ ಹೆಂಗ ಹೇಳ್ಲಿ?"

ಗುಣವತಿ ಗಳಗಳ ಅತ್ತುಬಿಟ್ಟಳು. ನಾನು ಸದ್ದು ಮಾಡದೆ ಎದ್ದು ಮನೆಗೆ ಬಂದೆ.